ಮೇಲೂ ಹೇಳಬೇಡ, ಕೆಳಗೂ ಹೇಳಬೇಡ

ಒಂದೇ ಮನೆಯಿಂದ, ಒಂದೇ ಬೆಳಿಗ್ಗೆ, ಮೇಸ್ತ್ರಿಗೆ ಎರಡು ಫೋನು ಬಂದವು. ಮೊದಲನೆಯದು ಕೆಳಗಿನ ಮನೆಯದು. "ನೀನು ಬರೋದು ಮೇಲಿನವರಿಗೆ ಗೊತ್ತಾಗೋದು ಬೇಡಪ್ಪ," ಎಂದರು ಅಲ್ಲಿಯವರು. ಅವನು ಮುಖ ತೊಳೆದು ಬರುವಷ್ಟರಲ್ಲಿ ಎರಡನೆಯದು, ಮೇಲಿನ ಮನೆಯಿಂದ. "ಕೆಳಗೆ ನಮ್ಮಕ್ಕನ ಕಣ್ಣಿಗೆ ಬೀಳದ ಹಾಗೆ ಹಿಂದಿನ ಮೆಟ್ಟಿಲಿಂದ ಬಾ."

ಮೇಸ್ತ್ರಿ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ ಸ್ವಲ್ಪ ಹೊತ್ತು ಸೀಟಿನ ಮೇಲೇ ಕುಳಿತಿದ್ದ. ಒಂದೇ ಮನೆಗೆ ಎರಡು ಸಲ ಕದ್ದು ಹೋಗುವುದನ್ನು ಅವನಿಗೆ ಕಸುಬು ಕಲಿಸಿದವರು ಹೇಳಿಕೊಟ್ಟಿರಲಿಲ್ಲ. ಇಬ್ಬರೂ ಯಾಕೆ ಕರೆದಿದ್ದಾರೆ ಎಂಬುದು ಮಾತ್ರ ಅವನಿಗೆ ಒಳಗೊಳಗೇ ಗೊತ್ತಿತ್ತು. ಮೇಲಿನ ಬಚ್ಚಲನ್ನು ಹೊಸದಾಗಿ ಮಾಡಿಕೊಟ್ಟವನು ಅವನೇ.

ಮನೆ ಎರಡಂತಸ್ತಿನದು. ಮೇಲೆ ಮನೆಯ ಯಜಮಾನ ಮತ್ತು ಅವನ ಹೆಂಡತಿ. ಕೆಳಗೆ, ಯಜಮಾನನ ತೀರಿಕೊಂಡ ಅಣ್ಣನ ಹೆಂಡತಿ. ಮೇಲಿನವರ ಮಗಳು ಮಾತು ಕಲಿಯುವಾಗ ಕರೆದ ಹಾಗೆ, ತರಕಾರಿಯವನಿಂದ ಮೇಸ್ತ್ರಿಯವರೆಗೆ ಎಲ್ಲರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಮಗಳು ಮದುವೆಯಾಗಿ ಬೇರೆ ಊರು ಸೇರಿದರೂ ಆ ಹೆಸರು ಮನೆಯಲ್ಲೇ ಉಳಿದುಕೊಂಡಿತ್ತು.

ಗಂಡ ಹೋದ ಮೇಲೆ ದೊಡ್ಡಮ್ಮ ಮೊದಲು ಇದ್ದದ್ದು ತಮ್ಮನ ಮನೆಯಲ್ಲಿ. ಅಲ್ಲಿ ಒಮ್ಮೆ, ಪಕ್ಕದ ಕೋಣೆಯ ಬಾಗಿಲು ಗಾಳಿಗೆ ಬಡಿದುಕೊಂಡು ನಿದ್ದೆ ಬರುವುದಿಲ್ಲ ಎಂದು ಹೇಳಿದ್ದರು. ಹೇಳಿದ್ದು ಅಷ್ಟೇ. ತಮ್ಮನೇನೋ ಬಡಗಿಯನ್ನು ಕರೆಸಿ ಬಾಗಿಲನ್ನು ಸರಿಮಾಡಿಸಿದ. ಅದಾಗಿ ಸ್ವಲ್ಪ ದಿನಕ್ಕೆ, ಅಕ್ಕ ಮಲಗುವ ಕೋಣೆ ಮಕ್ಕಳ ಓದಿಗೆ ಬೇಕಾಗಿದೆ ಎಂದ. ಯಾರೂ ದನಿ ಏರಿಸಲಿಲ್ಲ. ಬಸ್ಸಿನವರೆಗೆ ಸೂಟ್‌ಕೇಸು ಹೊತ್ತು ತಂದು, ಕಿಟಕಿ ಪಕ್ಕದ ಸೀಟು ಹಿಡಿದು ಕೊಟ್ಟವನೂ ಅವನೇ. ಆಗ ಈ ಮನೆಯ ಯಜಮಾನನಾದ ಮೈದುನ, "ಕೆಳಗಿನ ಮನೆ ಖಾಲಿ ಇದೆ, ಬಂದ್ಬಿಡಿ ಅತ್ತಿಗೆ," ಎಂದು ಕರೆದ. ಬಾಡಿಗೆಯ ಮಾತೆತ್ತಿದರೆ ಕಿವಿ ಮುಚ್ಚಿಕೊಂಡ. ಅಂದಿನಿಂದ ದೊಡ್ಡಮ್ಮ ಬಟ್ಟೆ ಹೊಲಿದುಕೊಂಡು ಆ ಮನೆಯಲ್ಲಿ ಇದ್ದರು. ನಲ್ಲಿ ತೊಟ್ಟಿಕ್ಕಿದರೆ ದಾರ ಸುತ್ತಿದರು. ಕಿಟಕಿಯ ಚಿಲಕ ಕಿತ್ತುಬಂದರೆ ಹಗ್ಗ ಕಟ್ಟಿದರು. ಯಾವುದನ್ನೂ ಯಾರಿಗೂ ಹೇಳಲಿಲ್ಲ. ಈ ಮನೆ ಬಿಟ್ಟರೆ ಹೋಗಲು ಅವರಿಗೆ ಇನ್ನೊಂದು ಬಾಗಿಲು ಇರಲಿಲ್ಲ.

ಮೇಸ್ತ್ರಿಯನ್ನು ಅವರು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ಮಂಚದ ತಲೆಯ ಕಡೆ, ಮೂಲೆಯ ಚಾವಣಿಯಲ್ಲಿ, ಊಟದ ತಟ್ಟೆಯಷ್ಟು ಅಗಲದ ಕಲೆ. ಅಂಚಿನಲ್ಲಿ ಚಹಾದ ಬಣ್ಣ, ನಡುವೆ ಕಪ್ಪು.

"ಏನೂ ದೊಡ್ಡದಲ್ಲ, ಅಲ್ವಾ?" ಎಂದರು ದೊಡ್ಡಮ್ಮ.

"ದೊಡ್ಡಮ್ಮ, ಇದು ಮೇಲಿಂದ..."

"ಮೇಲಿಂದಲ್ದೆ ಕೆಳಗಿಂದ ಬರುತ್ತೇನಪ್ಪ ನೀರು? ಅಷ್ಟು ನನಗೂ ಗೊತ್ತು. ನೀನು ಒಂದಿಷ್ಟು ಗಾರೆ ಮೆತ್ತಿ ಬಣ್ಣ ಬಳಿದ್ಬಿಡು. ಮೇಲೆ ಹೇಳ್ಬೇಡ."

"ಹೇಳ್ದೆ ಹೇಗಾಗುತ್ತೆ?"

"ಅವಳು ಆ ಬಚ್ಚಲು ಮಾಡಿಸ್ಕೊಂಡು ಎಷ್ಟು ಖುಷಿಯಾಗಿದಾಳೆ ನೋಡಿದೀಯಾ? ಬಂದವರಿಗೆಲ್ಲ ಮೊದಲು ಬಚ್ಚಲು ತೋರಿಸ್ತಾಳೆ, ಆಮೇಲೆ ಕೂತ್ಕೊಳ್ಳಿ ಅಂತಾಳೆ." ದೊಡ್ಡಮ್ಮ ನಕ್ಕರು. ನಗು ಬೇಗ ನಿಂತಿತು. "ಅವರ ಮನೆಯಪ್ಪ ಇದು. ನಾನು ಅದು ಸೋರುತ್ತೆ ಇದು ಸೋರುತ್ತೆ ಅಂತ ಮೆಟ್ಟಿಲು ಹತ್ತೋಕೆ ಶುರು ಮಾಡಿದ್ರೆ ಚೆನ್ನಾಗಿರುತ್ತಾ?"

ಮೇಸ್ತ್ರಿ ಗಾರೆ ಮೆತ್ತಿದ. ನೆಲದ ಮೇಲೆ ಬಿದ್ದ ಪುಡಿಯನ್ನು ದೊಡ್ಡಮ್ಮ ಗುಡಿಸಲು ಬಂದಾಗ ಪೊರಕೆ ಕಸಿದುಕೊಂಡು ತಾನೇ ಗುಡಿಸಿದ. ಅವರು ಕೊಟ್ಟ ಕಾಫಿ ಕುಡಿದು ಮುಂದಿನ ಗೇಟಿನಿಂದ ಹೊರಟು, ಬೀದಿಯ ಕೊನೆಯವರೆಗೆ ಸ್ಕೂಟರ್ ಓಡಿಸಿಕೊಂಡು ಹೋಗಿ, ಅಲ್ಲಿ ನಿಲ್ಲಿಸಿ, ಹಿಂದಿನ ಓಣಿಯಿಂದ ನಡೆದು ಬಂದು ಬೆಕ್ಕಿನ ಹಾಗೆ ಮೆಟ್ಟಿಲು ಹತ್ತಿದ.

ಮೇಲೆ ದೊಡ್ಡಮ್ಮನ ಓರಗಿತ್ತಿ ಬಚ್ಚಲಿನ ಬಾಗಿಲಲ್ಲೇ ಕಾಯುತ್ತಿದ್ದಳು. ಗೋಡೆಯ ತುಂಬ ನೀಲಿ ಟೈಲ್ಸು. ಅದಕ್ಕಾಗಿ ಅವಳು ಸುತ್ತದ ಅಂಗಡಿಯಿರಲಿಲ್ಲ. ಇಷ್ಟವಾದದ್ದು ಸಿಕ್ಕಾಗ, ಇದರ ತಯಾರಿಕೆ ನಿಂತಿದೆ, ಇರುವುದು ಇಷ್ಟೇ ಎಂದಿದ್ದರು ಅಂಗಡಿಯವರು. ಹಳೆಯ ಬಚ್ಚಲಿನ ಪಾಚಿಗಟ್ಟಿದ ನೆಲದಲ್ಲಿ ಜಾರಿ ಬಿದ್ದು ಅವಳ ಮಂಡಿ ಒಮ್ಮೆ ಸರಿದಿತ್ತು. ಮದುವೆಯಾದಂದಿನಿಂದ ಅವಳು ಈ ಮನೆಯಲ್ಲಿ ತನಗೆಂದು ಕೇಳಿದ್ದು ಇದೊಂದೇ.

"ಇಲ್ಲಿ ಕಾಲಿಟ್ಟು ನೋಡು, ಕಚಕ್ ಅನ್ನುತ್ತೆ," ಎಂದಳು ದನಿ ಇಳಿಸಿ. "ಸಂದಿಯಲ್ಲಿ ತುಂಬಿದ್ದು ಎದ್ದು ಹೋಗಿದೆ. ನೀರು ಎಲ್ಲಿಗೆ ಹೋಗ್ತಿದೆಯೋ."

ಮೇಸ್ತ್ರಿ ಬೆರಳ ಗೆಣ್ಣಿನಿಂದ ನೆಲ ತಟ್ಟಿದ. ಟೊಳ್ಳು ಸದ್ದು.

"ಕೆಳಗೆ ದೊಡ್ಡಮ್ಮನ್ನ ಒಂದು ಮಾತು ಕೇಳಿದ್ರೆ..." ಎಂದು ತೊದಲಿದ.

"ಅಯ್ಯೋ, ಬೇಡಪ್ಪ! ನಿನಗೆ ಅವರ ವಿಷಯ ಗೊತ್ತಿಲ್ಲ. ರಿಪೇರಿ ಅಂತ ಕಿವಿಗೆ ಬಿದ್ರೆ ಸಾಕು, ನಮಗೆ ತೊಂದರೆ ಆಗ್ಬಾರ್ದು ಅಂತ ಸೂಟ್‌ಕೇಸು ಕೆಳಗಿಳಿಸ್ತಾರೆ. ಈ ಬಚ್ಚಲು ಮಾಡಿಸುವಾಗ ಎರಡು ದಿನ ಊಟಾನೇ ಸರಿಯಾಗಿ ಮಾಡ್ಲಿಲ್ಲ, ನಾವೆಲ್ಲಿ ಸುಸ್ತಾಗ್ತೀವೋ ಅಂತ. ಸೋರಿದ್ರೆ ಅವರೇ ಹೇಳ್ತಿದ್ರಲ್ಲ? ಹೇಳಿಲ್ಲ ಅಂದ್ರೆ ಸೋರ್ತಿಲ್ಲ. ನೀನು ಸಂದಿ ತುಂಬಿಸ್ಬಿಡು. ಕೆಳಗೆ ಹೇಳ್ಬೇಡ."

ಮೇಸ್ತ್ರಿ ಸಂದಿ ತುಂಬಿದ. ಅವನ ಬಾಯಿಗೆ ಈಗ ಎರಡು ಬೀಗ. ಕೀಲಿ ಅವನ ಕೈಯಲ್ಲೇ ಇದ್ದರೂ ಅದನ್ನು ತಿರುಗಿಸಲು ಅವನಿಗೆ ಧೈರ್ಯವಿರಲಿಲ್ಲ.

ಅದಕ್ಕೆ ಕಾರಣವಿತ್ತು. ಬಚ್ಚಲಿಗೆ ಹೊಸ ನೆಲ ಹಾಕಿದ ಮೇಲೆ, ಟೈಲ್ಸು ಕೂರಿಸುವ ಮೊದಲು, ನೀರು ಹೋಗುವ ಬಾಯನ್ನು ಮುಚ್ಚಿ ಒಂದು ದಿನ ನೆಲದ ಮೇಲೆ ನೀರು ನಿಲ್ಲಿಸಬೇಕು. ಕೆಳಗಿನ ಚಾವಣಿ ಒದ್ದೆಯಾಗದಿದ್ದರೆ ಮುಂದಿನ ಕೆಲಸ. ಮೇಸ್ತ್ರಿ ಆ ಮಾತನ್ನು ಎತ್ತಿದ್ದ. ಆದರೆ ಯಜಮಾನ ಬೇಡವೆಂದು ತಲೆಯಾಡಿಸಿಬಿಟ್ಟ. "ಕೆಳಗೆ ಅತ್ತಿಗೆಯ ಮಂಚ ಸರಿಸ್ಬೇಕು, ಹೊಲಿಗೆ ಸಾಮಾನು ಎತ್ತಿಡ್ಬೇಕು, ದಿನವೆಲ್ಲ ನಾವು ಅವರ ಕೋಣೆಗೆ ನುಗ್ಗಿ ಮೇಲೆ ನೋಡ್ತಾ ನಿಂತ್ಕೋಬೇಕು. ಪಾಪ, ಅವರಿಗ್ಯಾಕೆ ಕಿರಿಕಿರಿ? ನಿನ್ನ ಕೈ ಮೇಲೆ ನಂಗೆ ನಂಬಿಕೆ ಇದೆ ಮಾರಾಯ, ಮುಂದುವರಿಸು." ಬೇರೆ ಕಡೆ ಒಪ್ಪಿಕೊಂಡ ಕೆಲಸ ಮೇಸ್ತ್ರಿಗೂ ಕಾಯುತ್ತಿತ್ತು. ನಂಬಿಕೆಯ ಮಾತು ಕೇಳಲು ಹಿತವಾಗಿಯೂ ಇತ್ತು. ಮಾರನೆಯ ದಿನವೇ ಟೈಲ್ಸು ಹಾಸಿದ್ದ. ಈಗ ಎರಡು ಮನೆಗಳ ಮುಲಾಜಿನ ಅಡಿಯಲ್ಲಿ ಅವನ ತಪ್ಪೂ ಬೆಚ್ಚಗೆ ಮಲಗಿತ್ತು.

ಬಣ್ಣ ಬಳಿದ ಮೇಲೆ ಕಲೆ ಕೆಲವು ವಾರ ಕಾಣಲಿಲ್ಲ. ಆಮೇಲೆ ಮೊದಲಿಗಿಂತ ಅಗಲವಾಗಿ ಬಂತು. ಹನಿ ಬೀಳತೊಡಗಿತು. ಮೇಲೆ ಯಾರು ಸ್ನಾನಕ್ಕೆ ಹೋದರೆಂದು ದೊಡ್ಡಮ್ಮನಿಗೆ ನೀರಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಮೈದುನನದು ದಡದಡ ಸುರಿದುಕೊಳ್ಳುವ ಸ್ನಾನ, ಓರಗಿತ್ತಿಯದು ನಿಧಾನ. ಸದ್ದು ಕೇಳಿದ ಕೂಡಲೇ ಹೊಲಿಗೆ ಬಿಟ್ಟು ಬೋಗುಣಿ ಹಿಡಿದು ಒಳಗೆ ಓಡುವರು. ಲೋಹದ ಬೋಗುಣಿಯಲ್ಲಿ ಹನಿಯ ಸದ್ದು ಮೇಲಕ್ಕೆ ಕೇಳಬಾರದೆಂದು ಅದರ ತಳಕ್ಕೆ ಹಳೆಯ ಬಟ್ಟೆ ಹಾಸುವರು. ಮಂಚವನ್ನು ಒಂದೊಂದೇ ಗೇಣು ಸರಿಸುತ್ತ ಸರಿಸುತ್ತ, ಅದು ಬಾಗಿಲಿಗೆ ಅಡ್ಡವಾಗುವವರೆಗೂ ಬಂತು.

ಮೇಲೆಯೂ ಬದಲಾವಣೆಯಾಗಿತ್ತು. ಮೈದುನ ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸಲು ಕಲಿತಿದ್ದ. ಯಾರಾದರೂ ಕೇಳಿದರೆ, "ನೀರು ಉಳಿಸ್ಬೇಕಲ್ವಾ," ಎನ್ನುತ್ತಿದ್ದ. ಓರಗಿತ್ತಿ ಆ ಸಡಿಲು ಟೈಲಿನ ಮೇಲೆ ರಬ್ಬರಿನ ಚಾಪೆ ಹಾಸಿ, ಅದನ್ನು ತುಳಿಯದೆ ದಾಟಿ ಓಡಾಡುತ್ತಿದ್ದಳು.

ಅವಳಿಗೆ ಇನ್ನೊಂದು ಚಿಂತೆಯೂ ಹತ್ತಿತ್ತು. ಮುಂಚೆ ಇಳಿದು ಬಂದರೆ ಒಳಕೋಣೆಯ ಮಂಚದ ಮೇಲೆ ಕಾಲು ಚಾಚಿ ಹರಟುತ್ತಿದ್ದವಳು ಅವಳು. ಈಗ ಅಕ್ಕ ಮುಂದಿನ ಕೋಣೆಯಲ್ಲೇ ಕುರ್ಚಿ ಎಳೆದು ಕೂರಿಸುತ್ತಿದ್ದರು. ಒಳಬಾಗಿಲಿಗೆ ಸದಾ ಚಿಲಕ.

"ಒಳಗೇನು ಚಿನ್ನದ ಗಣಿ ತೋಡ್ತಿದೀರಾ ಅಕ್ಕ?" ಎಂದು ಒಂದು ದಿನ ಕೇಳಿದಳು.

"ಬಟ್ಟೆ ಹರಡಿದೀನಿ ಕಣೆ, ಕಾಲಿಡೋಕೂ ಜಾಗ ಇಲ್ಲ."

"ಹರಡಿದ ಬಟ್ಟೆ ನಾನು ನೋಡೇ ಇಲ್ವಾ?"

ದೊಡ್ಡಮ್ಮ ಸೂಜಿಗೆ ದಾರ ಪೋಣಿಸುವವರ ಹಾಗೆ ತಲೆ ತಗ್ಗಿಸಿದರು. ಓರಗಿತ್ತಿ ಬೇಗನೆ ಎದ್ದು ಹೋದಳು. ಅಕ್ಕನಿಗೆ ನಾವು ಬೇಡವಾಗಿದ್ದೇವೆ ಎಂದು ಆ ದಿನ ಗಂಡನ ಹತ್ತಿರ ಹೇಳಿದಳು. ಹಾಗೆಲ್ಲ ಏನಿಲ್ಲ ಎಂದು ಅವನು ಹೇಳಿದರೂ, ಹೇಳುವ ಮೊದಲು ಒಂದು ಕ್ಷಣ ಯೋಚಿಸಿದ್ದು ಅವಳಿಗೆ ಕಂಡಿತು.

ಚಾವಣಿ ಬಿದ್ದದ್ದು ರಜೆಯ ದಿನ, ಬೆಳಿಗ್ಗೆ ತಿಂಡಿಯ ಹೊತ್ತಿಗೆ. ಓರಗಿತ್ತಿ ತಲೆಗೆ ಸ್ನಾನ ಮಾಡುತ್ತಿದ್ದಳು. ದೊಡ್ಡಮ್ಮ ತುಂಬಿದ ಬೋಗುಣಿಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿದ್ದರು. ಮೂಟೆ ಕೆಡವಿದ ಹಾಗೆ ಸದ್ದು. ಗಾರೆಯ ದೊಡ್ಡ ಹೆಂಟೆ ಕಳಚಿ, ಬೋಗುಣಿಯಿದ್ದ ಜಾಗಕ್ಕೂ ಮಂಚದ ಅಂಚಿಗೂ ಬಿದ್ದಿತ್ತು. ಸದ್ದು ಕೇಳಿ ಮೈದುನ ಬರಿಗಾಲಲ್ಲಿ ಓಡಿ ಇಳಿದು ಬಂದ.

"ಅತ್ತಿಗೆ! ಅತ್ತಿಗೆ, ಎಲ್ಲಿದೀರಾ?"

"ಇಲ್ಲೇ ಇದೀನಪ್ಪ, ಏನೂ ಆಗಿಲ್ಲ, ಏನೂ ಇಲ್ಲ, ನೀನು ಹೋಗು," ಎಂದು ದೊಡ್ಡಮ್ಮ ಕೋಣೆಯ ಬಾಗಿಲಿಗೆ ಅಡ್ಡ ನಿಂತರು. ಸದ್ದಿಗೆ ಕೋಣೆಯೊಳಗೆ ಓಡಿ ಬಂದಿದ್ದ ಅವರ ಕೂದಲ ಮೇಲೆಲ್ಲ ಬಿಳಿ ಧೂಳು. ಕೈಯಲ್ಲಿ ಖಾಲಿ ಬೋಗುಣಿ.

ಮೈದುನ ಮೆಲ್ಲಗೆ ಅವರ ಭುಜ ಹಿಡಿದು ಪಕ್ಕಕ್ಕೆ ಸರಿಸಿ ಒಳಗೆ ನೋಡಿದ. ಬಾಗಿಲವರೆಗೆ ಬಂದ ಮಂಚ, ಸಾಲಾಗಿಟ್ಟ ಬಕೆಟ್ಟು, ಕಿಟಕಿಯ ಕೆಳಗೆ ಬಣ್ಣದ ಡಬ್ಬಿ, ಕುಂಚ. ಮೇಲೆ, ಕಳಚಿದ ಗಾರೆಯ ಜಾಗದಲ್ಲಿ ತುಕ್ಕು ಹಿಡಿದ ಕಬ್ಬಿಣದ ಸರಳುಗಳು. ಅವುಗಳ ನಡುವಿನಿಂದ ಹೆಂಡತಿಯ ಸ್ನಾನದ ನೀರು ಸೋಪಿನ ನೊರೆಯ ಸಮೇತ ಇಳಿಯುತ್ತಿತ್ತು.

ತಲೆಗೆ ಟವೆಲ್ಲು ಸುತ್ತಿಕೊಂಡು ಓರಗಿತ್ತಿಯೂ ಬಂದಳು. ಮೊದಲು ದೊಡ್ಡಮ್ಮನ ತಲೆ, ತೋಳು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಎಲ್ಲೂ ಗಾಯವಿಲ್ಲ ಎಂದು ಖಾತ್ರಿಯಾದ ಮೇಲೆ ಒಳಗೆ ನೋಡಿದಳು. ನೋಡುತ್ತಲೇ ಇದ್ದಳು.

"ಎಷ್ಟು ದಿನದಿಂದ?" ಎಂದಳು.

ದೊಡ್ಡಮ್ಮ ಕೂದಲಿನ ಧೂಳು ಕೊಡವಿಕೊಂಡರು.

"ಈ ಹೆಂಟೆ ತಲೆ ಮೇಲೆ ಬಿದ್ದಿದ್ರೆ? ನಾನು ಮೇಲೆ ಹಾಡು ಹೇಳ್ಕೊಂಡು ನೀರು ಸುರ್ಕೋತಾ ಇದ್ದೆನಲ್ಲ ಅಕ್ಕ! ಒಂದು ಮಾತು ಹೇಳೋಕೆ ಏನು ಬಂದಿತ್ತು ನಿಮಗೆ?"

"ನೀನು ಆಸೆಪಟ್ಟು ಮಾಡಿಸ್ಕೊಂಡಿದ್ದು..."

"ನನ್ನ ಆಸೆಗೆ ಬೆಂಕಿ ಬೀಳ್ಲಿ. ನಿಜ ಹೇಳಿ. ಹೇಳಿದ್ರೆ ನಾವು ನಿಮ್ಮನ್ನ ಹೊರಗೆ ಹಾಕ್ತೀವಿ ಅಂದ್ಕೊಂಡ್ರಾ?"

ಇಲ್ಲ ಎನ್ನಬೇಕಿತ್ತು. ಬಾಯಿತುದಿಗೆ ಬಂದೂ ಇತ್ತು. ಆದರೆ ದೊಡ್ಡಮ್ಮನಿಗೆ ಅಷ್ಟು ದೊಡ್ಡ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ, ಮುಚ್ಚಿಡುವ ಅಭ್ಯಾಸ ಮಾತ್ರ ಇತ್ತು. ಅವರು ಬೋಗುಣಿಯ ಅಂಚನ್ನು ನೋಡುತ್ತ ನಿಂತರು. ಆ ಸುಮ್ಮನಿರುವಿಕೆ ಓರಗಿತ್ತಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

"ನಮ್ಮ ಹುಡುಗಿ ನಿಮ್ಮ ತೊಡೆ ಮೇಲೇ ಬೆಳೆದ್ಲು," ಎಂದಳು. ದನಿ ಒಡೆದಿತ್ತು. "ಅಷ್ಟು ವರ್ಷದಿಂದ ನೀವು ಇಲ್ಲಿ ನೆಂಟರ ಹಾಗೆ ಇದ್ರಾ?"

ಉತ್ತರಕ್ಕೆ ಕಾಯದೆ ಮೆಟ್ಟಿಲು ಹತ್ತಿಹೋದಳು. ಮೈದುನ ಹೆಂಟೆಗಳನ್ನು ಆಯ್ದು ಬಕೆಟ್ಟಿಗೆ ತುಂಬಿದ. ಮಂಚವನ್ನು ಮುಂದಿನ ಕೋಣೆಗೆ ಎಳೆದು ತಂದು, ಹಾಸಿಗೆಯ ಧೂಳು ಕೊಡವಿ, ಹೊದಿಕೆಯನ್ನು ಅವರು ಮಡಿಸುವ ರೀತಿಯಲ್ಲೇ ಮಡಿಸಿಟ್ಟ.

ಮೇಲಿನ ಬಚ್ಚಲಿಗೆ ಬೀಗ ಬಿತ್ತು. ಮೇಲಿನವರು ಕೆಳಗೇ ಬಂದು ಸ್ನಾನ ಮಾಡಬೇಕಾಯಿತು. ಓರಗಿತ್ತಿ ಬರುವಾಗ ತನ್ನದೇ ಸೋಪು, ತನ್ನದೇ ಚೊಂಬು ತರುತ್ತಿದ್ದಳು. "ಹೋಗ್ಲಾ?" ಎಂದು ಬಾಗಿಲಲ್ಲಿ ಕೇಳುತ್ತಿದ್ದಳು. ಮುಗಿಸಿದ ಮೇಲೆ ನೆಲವನ್ನು ಒಂದು ಹನಿ ಉಳಿಯದಂತೆ ಒರೆಸಿ, ಬಿದ್ದ ಕೂದಲನ್ನೂ ಹೆಕ್ಕಿಕೊಂಡು ಹೋಗುತ್ತಿದ್ದಳು. ಒಣಗಿದ ಆ ನೆಲವನ್ನು ದೊಡ್ಡಮ್ಮ ನೋಡುತ್ತ ನಿಲ್ಲುತ್ತಿದ್ದರು. ಇಷ್ಟು ವರ್ಷ ತಾವು ಬಿಟ್ಟುಹೋಗುತ್ತಿದ್ದ ಗುರುತು ಇದೇ. ಯಾವ ಗುರುತೂ ಇಲ್ಲದಿರುವುದು. ಅದು ನೋಡುವವರ ಕಣ್ಣಿಗೆ ಹೀಗೆ ಚುಚ್ಚುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

"ಇರ್ಲಿ ಬಿಡೇ, ನಾನು ಒರೆಸ್ತೀನಿ," ಎಂದರು ಒಮ್ಮೆ.

"ಪರವಾಗಿಲ್ಲ," ಎಂದಳು ಓರಗಿತ್ತಿ. ಅಕ್ಕ ಎಂಬ ಮಾತು ಜೊತೆಗೆ ಬರಲಿಲ್ಲ.

ಮೇಸ್ತ್ರಿ ಬಂದದ್ದು ಆ ವಾರದ ಕೊನೆಗೆ. ಈ ಸಲ ಮುಂದಿನ ಗೇಟಿನಿಂದಲೇ ಬಂದ. ಮೂವರೂ ಒಳಕೋಣೆಯಲ್ಲಿ ನಿಂತಿದ್ದಾಗ, ಯಾರೂ ಕೇಳುವ ಮೊದಲೇ, "ನೀರು ನಿಲ್ಲಿಸಿ ನೋಡ್ಲಿಲ್ಲ ನಾನು. ಆಮೇಲೆ ಎರಡೂ ಕಡೆ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ಬಯ್ಯೋದಿದ್ರೆ ಈಗಲೇ ಬಯ್ದುಬಿಡಿ, ಆಮೇಲೆ ಕೆಲಸ ಶುರು ಮಾಡ್ತೀನಿ," ಎಂದ.

"ಬೇಡ ಅಂದವನು ನಾನೇ," ಎಂದ ಮೈದುನ. "ಅತ್ತಿಗೆಗೆ ತೊಂದರೆ ಕೊಡ್ಬಾರ್ದು ಅಂತ." ಆ ಮಾತು ತನ್ನ ಕಿವಿಗೇ ವಿಚಿತ್ರವಾಗಿ ಕೇಳಿಸಿದ ಹಾಗೆ ಅವನು ಒಡೆದ ಚಾವಣಿಯನ್ನು ನೋಡಿದ.

ಓರಗಿತ್ತಿ ಇಬ್ಬರನ್ನೂ ದುರುಗುಟ್ಟಿ ನೋಡಿದಳು. "ಒಬ್ಬರಿಗಿಂತ ಒಬ್ಬರು ಒಳ್ಳೆಯವರು. ಒಳ್ಳೆಯವರೆಲ್ಲ ಸೇರ್ಕೊಂಡು ಮನೆ ಕೆಡವಿದ್ರಿ. ಮುಂದೇನು ಹೇಳು."

ಮೇಸ್ತ್ರಿ ಗೋಡೆಯ ಮೂಲೆ ತೋರಿಸಿದ. ನೆಲ ಸೋರಿದ್ದು ಸಾಲದೆಂದು ಗೋಡೆಯೊಳಗಿನ ಹಳೆಯ ಕೊಳೆನೀರಿನ ಪೈಪೂ ಪೂರ್ತಿ ತುಕ್ಕು ತಿಂದಿದೆ. ಹೊಸದು ಹಾಕಬೇಕು. ಸುಲಭದ ದಾರಿ ಎಂದರೆ ಇದೇ ಮೂಲೆಯಲ್ಲಿ, ಕೋಣೆಯ ಒಳಗಿನಿಂದಲೇ, ಮೇಲಿಂದ ಕೆಳಕ್ಕೆ ಪೈಪು ಇಳಿಸಿ ಹಲಗೆ ಹೊಡೆದು ಮುಚ್ಚುವುದು. ಮೇಲೆ ನೆಲ ಮಾತ್ರ ಅಗೆದರೆ ಸಾಕು, ಗೋಡೆ ಮುಟ್ಟಬೇಕಿಲ್ಲ.

"ಇನ್ನೊಂದು ದಾರಿ?" ಎಂದ ಮೈದುನ.

"ಮೇಲೆ ಹೊರಗಿನ ಗೋಡೆ ತೂತು ಮಾಡಿ ಹೊರಗಿಂದ ಇಳಿಸೋದು. ನೆಲದ ಇಳಿಜಾರು ಆ ಕಡೆ ತಿರುಗಿಸ್ಬೇಕು. ಆ ಗೋಡೆ ಟೈಲ್ಸು ಹೋಗುತ್ತೆ. ಅದೇ ಥರದ್ದು ಈಗ ಸಿಗಲ್ಲ."

"ಹಾಗಾದ್ರೆ ಇಲ್ಲೇ ಇಳಿಸು," ಎಂದಳು ಓರಗಿತ್ತಿ ತಟ್ಟನೆ. ಮೈದುನ ಹೂಂಗುಟ್ಟಿದ. ಮೇಸ್ತ್ರಿ ಸೀಮೆಸುಣ್ಣ ತೆಗೆದು ಮೂಲೆಯಲ್ಲಿ ಗೆರೆ ಎಳೆಯತೊಡಗಿದ. ಯಾರೂ ದೊಡ್ಡಮ್ಮನ ಕಡೆ ತಿರುಗಲಿಲ್ಲ. ಅವರು ಹೂಂ ಎನ್ನುತ್ತಾರೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ಅವರಿಗೂ ಇರಲಿಲ್ಲ. ಮೇಲಿನವರ ಕೊಳೆನೀರು ಹಗಲು ರಾತ್ರಿ ತಲೆದಿಂಬಿನ ಪಕ್ಕದಲ್ಲಿ ಹರಿಯುವುದನ್ನು ಅವರು ಕಲ್ಪಿಸಿಕೊಂಡರು. ಸದ್ದಿಗೆ ಒಗ್ಗಿಕೊಳ್ಳಬಹುದು. ಯಾವುದಕ್ಕೆ ಒಗ್ಗಿಕೊಂಡಿಲ್ಲ? ಆಗ, ನೆಂಟರ ಹಾಗೆ ಇದ್ರಾ ಎಂದು ಕೇಳಿದವಳ ಮುಖ ಕಣ್ಣ ಮುಂದೆ ಬಂತು.

"ಬೇಡ," ಎಂದರು.

ಸೀಮೆಸುಣ್ಣ ನಿಂತಿತು.

"ಇಲ್ಲಿ ಬೇಡ. ನಾನು ಮಲಗೋ ಕೋಣೆ ಇದು. ಹೊರಗಿಂದ ಇಳಿಸು."

"ಅತ್ತಿಗೆ, ಹಲಗೆ ಹೊಡೆದ್ರೆ ಸದ್ದು ಅಷ್ಟೊಂದು..." ಎಂದ ಮೈದುನ.

"ಕೇಳುತ್ತೆ. ಬೇಡ."

ಓರಗಿತ್ತಿಯ ಮುಖ ಕೆಂಪಾಯಿತು. "ನನ್ನ ಟೈಲ್ಸು ಒಡೀಬೇಕಾ ಹಾಗಾದ್ರೆ?"

"ಒಡೀಬೇಕು."

"ಅದಕ್ಕೆ ನಾನು ಎಷ್ಟು ಅಲೆದಿದೀನಿ ಗೊತ್ತಾ ನಿಮಗೆ? ಮಂಡಿ ನೋವು ಇಟ್ಕೊಂಡು?"

"ಗೊತ್ತು."

"ಗೊತ್ತಿದ್ದೂ ಹೇಳ್ತೀರಾ? ಇಷ್ಟು ವರ್ಷ ಎಲ್ಲಿತ್ತು ಈ ನಾಲಿಗೆ? ಹೇಳ್ಬೇಕಾದಾಗ ತುಟಿ ಪಿಟಕ್ಕನ್ಲಿಲ್ಲ, ಈಗ ನನ್ನ ಟೈಲ್ಸೇ ಬೇಕಾಯ್ತಾ?"

ಅದು ಸುಮ್ಮನೆ ಆಡಿದ ಮಾತಾಗಿರಲಿಲ್ಲ. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ದೊಡ್ಡಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಹೋಗಲಿ ಬಿಡೇ, ಇಲ್ಲೇ ಹಾಕಲಿ ಎನ್ನುವ ಮಾತು ನಾಲಿಗೆಯ ಮೇಲೆ ಸಿದ್ಧವಾಗಿ ಕುಳಿತಿತ್ತು. ಅದೊಂದನ್ನು ಆಡಿದರೆ ಎಲ್ಲವೂ ಮೊದಲಿನ ಹಾಗೆ ತಣ್ಣಗಾಗುತ್ತಿತ್ತು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಆ ಮಾತನ್ನು ನುಂಗಿದರು.

ಮೈದುನ ಹೆಂಡತಿಯನ್ನೊಮ್ಮೆ, ಅತ್ತಿಗೆಯನ್ನೊಮ್ಮೆ ನೋಡಿದ. ಯಾರ ಪರ ಮಾತಾಡಿದರೂ ಕಷ್ಟ ಎಂದು ಅವನಿಗೆ ಗೊತ್ತಾಗಿರಬೇಕು. ಮಾತಾಡುವ ಬದಲು ಮುಂದೆ ಹೋಗಿ, ಮೇಸ್ತ್ರಿ ಎಳೆದಿದ್ದ ಅರ್ಧ ಗೆರೆಯನ್ನು ತನ್ನ ಅಂಗೈಯಿಂದ ಅಳಿಸಿದ.

"ನೋಡಿ, ಅಳಿಸಿದ್ರು ಆಗಲೇ. ನನ್ನ ಮಾತು ಯಾರಿಗೆ ಬೇಕು," ಎಂದು ಓರಗಿತ್ತಿ ಹೊರನಡೆದಳು. ಮೆಟ್ಟಿಲ ನಡುವೆ ನಿಂತು ಕೂಗಿದಳು. "ಬಾರಯ್ಯ ಮೇಸ್ತ್ರಿ, ಅಲ್ಲೇನು ಗೋಡೆಗೆ ಒರಗ್ಕೊಂಡು ನಿಂತಿದೀಯಾ? ಒಡೆಯೋದಿದ್ರೆ ಬಂದು ಒಡಿ!"

ಮೇಸ್ತ್ರಿ ಚೀಲ ಎತ್ತಿಕೊಂಡು ಹೋದ, ಮೈದುನ ಅವನ ಹಿಂದೆ. ದೊಡ್ಡಮ್ಮ ಒಬ್ಬರೇ ಉಳಿದರು. ಸ್ವಲ್ಪ ಹೊತ್ತಿಗೆ ಮೇಲಿಂದ ಸುತ್ತಿಗೆಯ ಮೊದಲ ಏಟು ಕೇಳಿತು. ಟೈಲು ಒಡೆದ ಚುರುಕು ಸದ್ದು. ಎರಡನೆಯ ಏಟಿಗೆ ದೊಡ್ಡಮ್ಮ ಮೆಟ್ಟಿಲ ಬುಡದವರೆಗೆ ಹೋದರು. ನಿಲ್ಲಿಸಿ ಎಂದು ಕೂಗಲು ಬಾಯಿಯೂ ತೆರೆದಿತ್ತು.

"ನಿಧಾನಕ್ಕೆ ಒಡಿಯೋ ಪುಣ್ಯಾತ್ಮ! ಒಂದೆರಡಾದ್ರೂ ಉಳೀಲಿ," ಎಂದು ಮೇಲೆ ಓರಗಿತ್ತಿಯ ದನಿ ಕೇಳಿತು. ಅಳುತ್ತಿದ್ದಳೋ ಬಯ್ಯುತ್ತಿದ್ದಳೋ ಕೆಳಗಿನಿಂದ ತಿಳಿಯುವಂತಿರಲಿಲ್ಲ.

ದೊಡ್ಡಮ್ಮ ಬಾಯಿ ಮುಚ್ಚಿದರು. ಹಿಂದಕ್ಕೆ ಬಂದು ಮಂಚದ ಮೇಲೆ ಕುಳಿತು, ಕೈಗಳನ್ನು ಮಂಡಿಗಳ ನಡುವೆ ಒತ್ತಿ ಹಿಡಿದುಕೊಂಡು, ಒಂದೊಂದೇ ಏಟನ್ನು ಕೇಳಿಸಿಕೊಳ್ಳುತ್ತ ಇದ್ದರು.